ಅನ್ವಯಿಸದಿರುವುದನ್ನು ಹೊಡೆದುಹಾಕಿದ್ದೇನೆ: ಅರ್ಜಿ ನಮೂನೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸರ್ಕಾರಿ ಇಲಾಖೆ, ಬ್ಯಾಂಕು, ಆಸ್ಪತ್ರೆ, ಕಾಲೇಜು, ಮೊಬೈಲ್ ಕಂಪನಿ, ಎಲ್ಲೆಲ್ಲಿ ಕೂತು ಅರ್ಜಿ ನಮೂನೆ ಸಿದ್ಧಪಡಿಸುತ್ತೀರೋ ಅಲ್ಲಿಗೆಲ್ಲ ಈ ಪತ್ರ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಗಂಡಸರೋ ಹೆಂಗಸರೋ, ಅದೂ ಗೊತ್ತಿಲ್ಲ. ಆದರೂ ‘ಮಾನ್ಯರೇ’ ಎಂದು ಶುರುಮಾಡಲು ನನಗೆ ಯಾವ ಅಡ್ಡಿಯೂ ಆಗಲಿಲ್ಲ, ನಿಮ್ಮ ಮರ್ಯಾದೆಗೆ ಕೊರತೆಯೂ ಆಗಲಿಲ್ಲ. ನೀವು ನಮಗೆ ಬರೆಯುವಾಗ ಮಾತ್ರ ಮೊದಲ ಸಾಲಿನಲ್ಲೇ ‘ಶ್ರೀ/ಶ್ರೀಮತಿ/ಕುಮಾರಿ’ ಎಂದು ಅಚ್ಚು ಹಾಕಿಸುತ್ತೀರಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಅನ್ವಯಿಸದಿರುವುದನ್ನು ಹೊಡೆದುಹಾಕಿ’ ಎಂದಿರುತ್ತದೆ.

ಹೋದ ವರ್ಷ ಒಂದು ಕಚೇರಿಗೆ ಅರ್ಜಿ ಕೊಡುವಾಗ ನೀವು ಹೇಳಿದ ಹಾಗೇ ಮಾಡಿದೆ. ಮೂರನ್ನೂ ಹೊಡೆದುಹಾಕಿದೆ. ಸ್ಕೇಲು ಇಟ್ಟು, ನೀಟಾಗಿ. ಕೌಂಟರಿನಲ್ಲಿದ್ದವರು ಅರ್ಜಿ ನೋಡಿದರು, ನನ್ನ ಮುಖ ನೋಡಿದರು, ಕುತ್ತಿಗೆ ನೋಡಿದರು, ಮತ್ತೆ ಅರ್ಜಿ ನೋಡಿದರು. “ಮೂರೂ ಹೊಡೆದ್ಬಿಟ್ಟಿದೀರಲ್ಲ, ಒಂದಾದ್ರೂ ಇರ್ಬೇಕಲ್ವಾ” ಎಂದು ಹಿಂದಕ್ಕೆ ತಳ್ಳಿದರು. ಸಿಟ್ಟಿನಲ್ಲಿ ಹೇಳಲಿಲ್ಲ, ಸಹಜವಾಗಿಯೇ ಹೇಳಿದರು. ನನ್ನ ಹಿಂದೆ ಉದ್ದ ಸಾಲಿತ್ತು. ನಾನು ಇನ್ನೊಂದು ನಮೂನೆ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು ಬರೆದು, ಎರಡನ್ನು ಮಾತ್ರ ಹೊಡೆದು ಕೊಟ್ಟು ಬಂದೆ. ಕೆಲಸ ಆಯಿತು. ಆವತ್ತು ರಾತ್ರಿ ಊಟ ಸೇರಲಿಲ್ಲ.

ಇದನ್ನು ಬರೆಯಲು ನನಗೆ ಇನ್ನೊಂದು ಅಧಿಕಾರವೂ ಇದೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಟೈಪಿಂಗ್, ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುವುದು ನನ್ನ ಕಸುಬು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಏಳರವರೆಗೆ ನಿಮ್ಮ ನಮೂನೆಗಳೇ ನನ್ನ ಕಣ್ಣೆದುರು ಇರುತ್ತವೆ. ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಯುವ ಕಾಲದಿಂದ, ಕೆಂಪು ನಕ್ಷತ್ರ ಹಾಕಿದ ಕಾಲಂ ತುಂಬದಿದ್ದರೆ ಮುಂದಿನ ಪುಟಕ್ಕೇ ಬಿಡದ ಇವತ್ತಿನ ಕಾಲದವರೆಗೆ ನೋಡಿದ್ದೇನೆ. ಹೆಸರು, ತಂದೆ/ಗಂಡನ ಹೆಸರು, ಹುಟ್ಟಿದ ದಿನ, ಲಿಂಗ. ಎದುರಿಗೆ ಕೂತವರನ್ನು ಲಿಂಗ ಯಾವುದು ಎಂದು ನಾನು ಕೇಳುವುದೇ ಇಲ್ಲ, ನೋಡಿ ಒತ್ತಿಬಿಡುತ್ತೇನೆ. ಎಲ್ಲರೂ ಹಾಗೇ ಮಾಡುತ್ತಾರೆ. ನನ್ನ ವಿಷಯದಲ್ಲಿ ಲೋಕ ಮಾಡಿದ್ದನ್ನೇ ನಾನೂ ದಿನಕ್ಕೆ ಐವತ್ತು ಸಲ ಮಾಡುತ್ತಿದ್ದೇನೆ ಎಂದು ಹೊಳೆದ ದಿನದಿಂದ ಈ ಪತ್ರ ನನ್ನೊಳಗೆ ಕೂತಿದೆ.

ನನ್ನಂಥವರನ್ನು ನಾನ್-ಬೈನರಿ ಎನ್ನುತ್ತಾರೆ. ಗಂಡು ಎಂಬ ಮಾತಿನೊಳಗೂ ಹೆಣ್ಣು ಎಂಬ ಮಾತಿನೊಳಗೂ ಪೂರ್ತಿ ಕೂರದವರು. ಕೆಲವರು ಎರಡೂ ಹೌದು ಎನ್ನುತ್ತಾರೆ, ಕೆಲವರು ಎರಡೂ ಅಲ್ಲ ಎನ್ನುತ್ತಾರೆ, ಕೆಲವರಿಗೆ ಒಂದೊಂದು ಕಾಲಕ್ಕೆ ಒಂದೊಂದು ಥರ. ನಾನು ಎರಡೂ ಅಲ್ಲ ಎನ್ನುವ ಪೈಕಿ. ಇದು ಇವತ್ತು ಇಂಟರ್‌ನೆಟ್ ನೋಡಿ ಕಲಿತದ್ದು ಎಂದು ನನ್ನ ಚಿಕ್ಕಪ್ಪನಿಂದ ಹಿಡಿದು ಎಲ್ಲರೂ ಹೇಳುತ್ತಾರೆ. ಹೆಸರನ್ನು ಇಂಟರ್‌ನೆಟ್‌ನಲ್ಲಿ ಕಲಿತದ್ದು ನಿಜ. ಆದರೆ ಏಳು ವರ್ಷದ ಮಗುವಾಗಿದ್ದಾಗ, ಹಬ್ಬಕ್ಕೆ ಬಟ್ಟೆ ತರಲು ಹೊರಟ ಅಪ್ಪ “ನಿನಗೆ ಯಾವುದು ಬೇಕು” ಎಂದು ಕೇಳಿದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದೆನಲ್ಲ, ಆಗ ನಮ್ಮೂರಲ್ಲಿ ಇಂಟರ್‌ನೆಟ್ ಇರಲಿ, ಫೋನಿದ್ದದ್ದೇ ಎರಡು ಮನೆಯಲ್ಲಿ.

ಹುಟ್ಟಿದಾಗ ಆಸ್ಪತ್ರೆಯವರು ನನ್ನನ್ನು ಏನೆಂದು ಬರೆದುಕೊಂಡರು ಎಂಬುದನ್ನು ಈ ಪತ್ರದಲ್ಲಿ ಹೇಳುವುದಿಲ್ಲ. ಓದುತ್ತ ನೀವು ಅದನ್ನೇ ಹುಡುಕುತ್ತಿರಬಹುದು. ಎಲ್ಲರೂ ಹುಡುಕುತ್ತಾರೆ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಒಂದು ಗಮನಿಸಿ: ಇಷ್ಟು ಹೊತ್ತು ನಾನು ಬಂದೆ, ಹೋದೆ, ಕೊಟ್ಟೆ, ನಿಂತೆ ಎಂದು ಬರೆದಿದ್ದೇನೆ. ಕನ್ನಡ ಎಲ್ಲಿಯೂ ನನ್ನನ್ನು ಬಿಟ್ಟುಕೊಟ್ಟಿಲ್ಲ. ಇದೇ ಪತ್ರವನ್ನು ಹಿಂದಿಯಲ್ಲಿ ಬರೆದಿದ್ದರೆ ನಾನು ಹೋಗುತ್ತೇನೆ ಎನ್ನಲು ‘ಜಾತಾ ಹೂಂ’ ಎನ್ನಬೇಕೋ ‘ಜಾತೀ ಹೂಂ’ ಎನ್ನಬೇಕೋ ಎಂದು ಮೊದಲ ಕ್ರಿಯಾಪದದಲ್ಲೇ ತೀರ್ಮಾನ ಮಾಡಬೇಕಿತ್ತು. ಕನ್ನಡದಲ್ಲಿ ‘ನಾನು’ ಎಂದವರನ್ನು ನೀನು ಗಂಡೋ ಹೆಣ್ಣೋ ಎಂದು ಭಾಷೆ ಕೇಳುವುದಿಲ್ಲ. ‘ನೀನು’, ‘ನೀವು’ ಎನ್ನುವಾಗಲೂ ಕೇಳುವುದಿಲ್ಲ. ಕೇಳುವುದು ಮೂರನೆಯವರ ಬಗ್ಗೆ ಮಾತಾಡುವಾಗ, ಅದೂ ಏಕವಚನದಲ್ಲಿ: ಬಂದ, ಬಂದಳು. ಸ್ವಲ್ಪ ಮರ್ಯಾದೆ ಸೇರಿಸಿದರೆ ‘ಬಂದರು’. ಅಲ್ಲಿಗೆ ಆ ಗೋಡೆ ಬಿತ್ತು. ಒಬ್ಬ, ಒಬ್ಬಳು ಎಂಬ ಎರಡು ಮಾತಿನ ಪಕ್ಕದಲ್ಲಿ ‘ಒಬ್ಬರು’ ಎಂಬ ಮೂರನೆಯದೂ ಇದೆ, ನಾವು ದಿನಾ ಆಡುತ್ತೇವೆ: “ಯಾರೋ ಒಬ್ರು ಬಂದು ಕೇಳ್ಕೊಂಡು ಹೋದ್ರು.” ಇಬ್ಬರಾದ ಮೇಲಂತೂ ಕೇಳುವುದೇ ಬೇಡ. ಇಬ್ಬರು, ಮೂವರು, ನಾಲ್ವರು, ಗಂಡು ಹೆಣ್ಣಿನ ಲೆಕ್ಕವೇ ಇಲ್ಲ. ಇಂಗ್ಲಿಷಿನವರು ‘ದೇ’ (they) ಎಂಬ ತಮ್ಮ ಬಹುವಚನದ ಸರ್ವನಾಮವನ್ನು ಒಬ್ಬರಿಗೇ ಬಳಸಬೇಕೋ ಬೇಡವೋ ಎಂದು ಜಗಳ ಆಡುತ್ತಿದ್ದಾರೆ. ನಮ್ಮಲ್ಲಿ ಅದು ಹುಟ್ಟಿನಿಂದ ಇರುವ ಮಾತು.

ಹಾಗೆಂದು ಕನ್ನಡದಲ್ಲಿ ನನಗೆ ನೋವೇ ಆಗಿಲ್ಲ ಎಂದಲ್ಲ. ಹೈಸ್ಕೂಲಿನಲ್ಲಿ ವ್ಯಾಕರಣ ಪಾಠದ ದಿನ ಬೋರ್ಡಿನ ಮೇಲೆ ಮೂರು ಸಾಲು ಬರೆದರು. ರಾಮನು ಬಂದನು, ಪುಲ್ಲಿಂಗ. ಸೀತೆ ಬಂದಳು, ಸ್ತ್ರೀಲಿಂಗ. ಮರ ಬಿದ್ದಿತು, ನಪುಂಸಕಲಿಂಗ. ಮೂರನೆಯ ಸಾಲು ಮುಗಿಯುವುದರೊಳಗೆ ಹಿಂದಿನ ಬೆಂಚಿನಿಂದ ಯಾರೋ ನನ್ನ ಹೆಸರು ಹೇಳಿದರು. ಕ್ಲಾಸು ನಕ್ಕಿತು. ಪಾಠ ಮಾಡುತ್ತಿದ್ದವರೂ ತಿರುಗಿ ನಿಂತು, ಬೋರ್ಡು ಒರೆಸುವ ನೆಪದಲ್ಲಿ ನಕ್ಕರು. ಅವತ್ತಿನಿಂದ ಹತ್ತನೇ ಕ್ಲಾಸು ಮುಗಿಯುವ ತನಕ ನನ್ನ ಹೆಸರು ‘ಮರ’. “ಮರ ಬಂತು ನೋಡ್ರೋ” ಎನ್ನುತ್ತಿದ್ದರು. ಆ ಪದವನ್ನು ಈಗಲೂ ನಾನು ಟೈಪ್ ಮಾಡುವಾಗ ಬೆರಳು ಒಂದು ಕ್ಷಣ ನಿಲ್ಲುತ್ತದೆ.

ಬಹಳ ವರ್ಷ ಆದಮೇಲೆ ಯೋಚಿಸಿದೆ: ಅದೇ ನಪುಂಸಕಲಿಂಗದಲ್ಲಿ ನಮ್ಮ ಜನ ಎಳೆಮಗುವನ್ನೂ ಇಟ್ಟಿದ್ದಾರೆ. ಮಗು ಅತ್ತಿತು, ಮಗು ನಕ್ಕಿತು. ಉತ್ಸವ ಹೊರಟಾಗ “ದೇವರು ಬಂತು, ದಾರಿ ಬಿಡಿ” ಎನ್ನುತ್ತಾರೆ. ಹವ್ಯಕರ ಕನ್ನಡದಲ್ಲಿ ಮನೆಯ ಹೆಣ್ಣುಮಕ್ಕಳನ್ನು ‘ಅದು ಬಂತು’ ಎಂದೇ ಹೇಳುವುದು, ಹೇಳುವವರಿಗೂ ಕೇಳುವವರಿಗೂ ಅದರಲ್ಲಿ ಅವಮಾನ ಇಲ್ಲ. ಅಂದರೆ ಆ ಪ್ರತ್ಯಯದೊಳಗೆ ವಿಷ ಇರಲಿಲ್ಲ, ಹಿಂದಿನ ಬೆಂಚಿನ ನಗೆಯಲ್ಲಿತ್ತು. ಆದರೂ ನನ್ನನ್ನು ದಯವಿಟ್ಟು ‘ಅದು’ ಎನ್ನಬೇಡಿ. ‘ಅವರು’ ಸಾಕು.

ನಮ್ಮ ಅಂಗಡಿಗೆ ಬರುವವರು ನನ್ನನ್ನು ಕರೆಯುವ ರೀತಿ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಗೊತ್ತಿಲ್ಲದವರನ್ನೂ ನೆಂಟಸ್ತಿಕೆಯಲ್ಲಿ ಕರೆಯುವ ನಾಡು ನಮ್ಮದು: ಅಣ್ಣ, ಅಕ್ಕ, ಅಮ್ಮ, ಯಜಮಾನ್ರೇ. ಬಾಗಿಲಲ್ಲಿ ನಿಂತು “ಅಣ್ಣಾ” ಎಂದವರು ಒಳಗೆ ಬಂದು ಹತ್ತಿರದಿಂದ ನೋಡಿ ತಡವರಿಸುತ್ತಾರೆ. “ಅಕ್ಕಾ” ಎಂದವರೂ ತಡವರಿಸುತ್ತಾರೆ. ನನ್ನ ಜುಬ್ಬ, ಕತ್ತರಿಸಿದ ಕೂದಲು, ಎರಡು ಕಿವಿಯ ಸಣ್ಣ ಓಲೆ ಎಲ್ಲ ಸೇರಿ ಅವರಿಗೆ ಉತ್ತರ ಸಿಗುವುದಿಲ್ಲ. ನಾನು ತಿದ್ದುವುದಿಲ್ಲ. ಪಹಣಿ ತೆಗೆಸಲು, ಪಿಂಚಣಿ ನಿಂತದ್ದಕ್ಕೆ ಅರ್ಜಿ ಹಾಕಲು ಹತ್ತು ಮೈಲಿಯಿಂದ ಬಂದವರಿಗೆ ನನ್ನ ಪಾಠ ಯಾಕೆ? ಆದರೆ ಜನ ತಾವೇ ದಾರಿ ಹುಡುಕಿಕೊಳ್ಳುತ್ತಾರೆ. ಎರಡನೇ ಸಲ ಬಂದಾಗ “ಏನ್ರೀ, ಬಿಡುವಾಗಿದೀರಾ” ಎನ್ನುತ್ತಾರೆ. ಆ ‘ರೀ’ ಎಂಬ ಒಂದಕ್ಷರದೊಳಗೆ ಮರ್ಯಾದೆ ಇದೆ, ಲಿಂಗ ಇಲ್ಲ. ತಿಂಗಳಿಗೊಮ್ಮೆ ಬರುವ ಒಬ್ಬ ಅಜ್ಜಿ ನನ್ನನ್ನು “ಕೂಸೇ” ಎನ್ನುತ್ತಾರೆ. ಇನ್ನೊಬ್ಬರು “ಮರೀ” ಎನ್ನುತ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ. ಇಷ್ಟು ಸಲೀಸಾಗಿ ಆ ಅಜ್ಜಿ ಮಾಡಿದ್ದನ್ನು ನಿಮ್ಮ ನಮೂನೆ ಯಾಕೆ ಮಾಡಲಾರದು ಎಂಬುದೇ ನನ್ನ ಪ್ರಶ್ನೆ.

ನೀವು ಕೇಳಬಹುದು, ಒಂದು ಕಾಲಂ ತುಂಬುವುದು ಅಷ್ಟು ಕಷ್ಟವೇ ಎಂದು. ಒಂದೇ ಕಾಲಂ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಎಲ್ಲ ಕಡೆಯೂ ಅದೇ ಕಾಲಂ.

ವಾರಕ್ಕೊಮ್ಮೆ ಪೇಪರ್ ರೀಮು, ಟೋನರ್ ತರಲು ಬಸ್ಸಿನಲ್ಲಿ ಹೋಗುತ್ತೇನೆ. ಮುಂದಿನ ಸೀಟುಗಳ ಮೇಲೆ ‘ಮಹಿಳೆಯರಿಗೆ’ ಎಂದು ಬರೆದಿರುತ್ತದೆ. ಹಿಂದೆ ಗಂಡಸರು. ನಾನು ಹದಿನೈದು ವರ್ಷದಿಂದ ಬಸ್ಸಿನ ನಡುವಿನ ಕಂಬ ಹಿಡಿದು ನಿಂತೇ ಹೋಗುತ್ತಿದ್ದೇನೆ, ಸೀಟು ಖಾಲಿ ಇದ್ದರೂ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಮಹಿಳೆಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸಾಮಾನ್ಯ ಬಸ್ಸಿನಲ್ಲಿ ಉಚಿತ ಪ್ರಯಾಣ. ಅದು ಬಂದ ಮೇಲೆ ನಮ್ಮ ಅಂಗಡಿಗೆ ಬರುವ ಹೆಂಗಸರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಹೆಚ್ಚಿತು, ಗಂಡನ ಹತ್ತಿರ ಬಸ್ ಚಾರ್ಜಿಗೆ ಕೈಯೊಡ್ಡದೆ ತಾವೇ ಬಂದು ಅರ್ಜಿ ಹಾಕಿದರು. ಆ ಯೋಜನೆಯ ಮೇಲೆ ನನಗೆ ಗೌರವವಿದೆ. ಆದರೆ ಅವತ್ತಿನಿಂದ ಕಂಡಕ್ಟರಿಗೂ ನನಗೂ ಒಂದು ಹೊಸ ಕಷ್ಟ ಶುರುವಾಯಿತು. ಮೊದಲು ಅವರು ನನ್ನನ್ನು ನೋಡದೆಯೇ ಟಿಕೆಟ್ ಹರಿಯುತ್ತಿದ್ದರು. ಈಗ ನೋಡಲೇಬೇಕು. ಅವರ ಹೆಬ್ಬೆರಳು ಮೆಷಿನ್ನಿನ ಮೇಲೆ ಹಾಗೇ ನಿಲ್ಲುತ್ತದೆ. ಅಕ್ಕಪಕ್ಕದವರೂ ತಿರುಗಿ ನೋಡುತ್ತಾರೆ. ಅದಕ್ಕೇ ಅವರು ಹತ್ತಿರ ಬರುವ ಮೊದಲೇ ನಾನು ನೋಟು ಚಾಚಿ ಹಿಡಿದಿರುತ್ತೇನೆ. ಆಧಾರ್ ಪ್ರಕಾರ ನನಗೆ ಆ ಯೋಜನೆಯ ಉಚಿತ ‘ಶೂನ್ಯ ಟಿಕೆಟ್’ ಸಿಗಬೇಕೋ ಬೇಡವೋ ಎಂಬುದು ಬೇರೆ ಮಾತು, ಹಣ ಕೊಟ್ಟರೆ ಆ ಪ್ರಶ್ನೆ ಏಳುವುದಿಲ್ಲ. ಆ ರೂಟಿನ ಒಬ್ಬ ಕಂಡಕ್ಟರಿಗೆ ಇದು ಅರ್ಥವಾಗಿದೆ. ಈಗ ಅವರು ದೂರದಿಂದಲೇ ನನ್ನ ಊರಿನ ಹೆಸರು ಹೇಳಿ ಟಿಕೆಟ್ ಹರಿದು ಕೊಡುತ್ತಾರೆ, ಮುಖ ನೋಡುವುದಿಲ್ಲ. ಆ ಮನುಷ್ಯನಿಗೆ ನಾನು ಇನ್ನೂ ಕೃತಜ್ಞತೆ ಹೇಳಿಲ್ಲ, ಈ ಪತ್ರ ಅವರ ಕಣ್ಣಿಗೆ ಬಿದ್ದರೆ ಇದೇ ಕೃತಜ್ಞತೆ.

ದರ್ಜಿಯ ಅಂಗಡಿಯಲ್ಲಿ ಶರಟಿಗೆ ಬಟ್ಟೆ ಕೊಟ್ಟರೆ ಗುಂಡಿ ಯಾವ ಕಡೆ ಎಂದು ಕೇಳುತ್ತಾರೆ. ಗಂಡಸರ ಅಂಗಿಗೆ ಗುಂಡಿ ಬಲಗಡೆ, ಹೆಂಗಸರದಕ್ಕೆ ಎಡಗಡೆ. ನನಗೆ ಇಪ್ಪತ್ತು ವರ್ಷ ತುಂಬುವ ತನಕ ಅಂಗಿಯ ಗುಂಡಿಗೂ ಲಿಂಗ ಇದೆ ಎಂದೇ ಗೊತ್ತಿರಲಿಲ್ಲ. ಕೊನೆಗೆ ನಾನೂ ದರ್ಜಿಯೂ ಸೇರಿ ಒಂದು ಉಪಾಯ ಮಾಡಿದೆವು, ಕುತ್ತಿಗೆಯ ಹತ್ತಿರ ಎರಡೇ ಲಾಡಿ ಇರುವ ಜುಬ್ಬ. ಈಗ ನನ್ನ ಹತ್ತಿರ ಅಂಥವು ಒಂಬತ್ತಿವೆ. ಬಸ್ ಸ್ಟ್ಯಾಂಡಿನ ಶೌಚಾಲಯದ ಎರಡು ಬಾಗಿಲ ಬಗ್ಗೆ ಹೆಚ್ಚು ಬರೆಯಲಾರೆ. ಊರು ಬಿಟ್ಟು ಹೊರಗೆ ಹೊರಟ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ, ಅಷ್ಟು ಹೇಳಿದರೆ ಸಾಕು. ಮೂತ್ರದ ಸೋಂಕಿಗೆ ಮೂರು ಸಲ ಔಷಧಿ ತೆಗೆದುಕೊಂಡಿದ್ದೇನೆ.

ಮದುವೆ ಮನೆಗಳ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಯಾಕೆಂದರೆ ಅಲ್ಲಿರುವವರು ಪರಕೀಯರಲ್ಲ, ನಮ್ಮವರೇ. ಊಟಕ್ಕೆ ಮುಂಚೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಯಾರೋ ಅತ್ತೆಯೋ ಚಿಕ್ಕಮ್ಮನೋ ಸಾಲಾಗಿ ಕೊಡುತ್ತ ಬರುತ್ತಾರೆ. ನನ್ನ ಹತ್ತಿರ ಬಂದಾಗ ಆ ಕೈ ಅರೆಗಳಿಗೆ ನಿಲ್ಲುತ್ತದೆ. ತಟ್ಟೆಯಲ್ಲಿನ ಬೆಳ್ಳಿಯ ಬಟ್ಟಲು, ಅದರ ಅಂಚಿಗೆ ಅಂಟಿದ ಕುಂಕುಮ, ಪಕ್ಕದಲ್ಲಿ ವೀಳ್ಯದೆಲೆಯ ಮೇಲಿಟ್ಟ ಅಡಿಕೆ ಎಲ್ಲ ನನಗೆ ಬಾಯಿಪಾಠ ಆಗಿದೆ, ಯಾಕೆಂದರೆ ಆ ಹೊತ್ತಿನಲ್ಲಿ ನಾನು ತಟ್ಟೆಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಕೊಟ್ಟರೂ ಹಿಂದೆ ಯಾರೋ ಪಿಸುಗುಟ್ಟುತ್ತಾರೆ, ಮುಂದೆ ಹೋದರೂ ಪಿಸುಗುಟ್ಟುತ್ತಾರೆ. ಹಿಂದಿನ ವರ್ಷ ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆಯಲ್ಲಿ ತಟ್ಟೆ ಹಿಡಿದಿದ್ದ ಹುಡುಗಿ ನಿಂತು, ನನ್ನ ಕಣ್ಣು ನೋಡಿ, “ತಗೋತೀರಾ?” ಎಂದು ಕೇಳಿದಳು. ಅಷ್ಟೇ. ಕೇಳಿದಳು. ನನ್ನ ಬದುಕಿನಲ್ಲಿ ಯಾರೂ ಆ ಪ್ರಶ್ನೆಯನ್ನು ನನ್ನನ್ನೇ ಕೇಳಿರಲಿಲ್ಲ, ಎಲ್ಲರೂ ನೋಡಿ ತೀರ್ಮಾನ ಮಾಡುತ್ತಿದ್ದರು. “ತಗೋತೀನಮ್ಮಾ” ಎಂದೆ. ಪಂಕ್ತಿಯಲ್ಲಿ ಕೂತು ಅನ್ನ ಕಲೆಸುವಾಗ ಕಣ್ಣು ಮಂಜಾಗಿತ್ತು.

ನಮ್ಮ ಸಮಾಜಕ್ಕೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಜೀವ ಹೊಸದಲ್ಲ ಎಂದು ಯಾರಾದರೂ ನೆನಪಿಸುತ್ತಾರೆ. ಹೌದು, ಸವದತ್ತಿ ಎಲ್ಲಮ್ಮನ ಜೋಗಪ್ಪ, ಜೋಗತಿಯರು ತಲೆಯ ಮೇಲೆ ಕೊಡ ಹೊತ್ತು ಶತಮಾನಗಳಿಂದ ಊರೂರು ತಿರುಗಿದ್ದಾರೆ. ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಾನು ಅಂಗಡಿಯ ಕಂಪ್ಯೂಟರಿನಲ್ಲಿ ಗಿರಾಕಿಗಳ ಜೊತೆ ನೋಡಿದೆ. ಅಂಗಡಿ ತುಂಬ ಚಪ್ಪಾಳೆ. ಆದರೆ ಆ ಪರಂಪರೆ ಕೊಟ್ಟ ಜಾಗ ದೇವರ ಹೆಸರಿನಲ್ಲಿ ಕೊಟ್ಟದ್ದು, ಅದಕ್ಕೆ ದೇವಿಗೆ ಮುಡಿಪಾದ ಗುರುತಾಗಿ ಮುತ್ತು ಕಟ್ಟಿಸಿಕೊಳ್ಳಬೇಕು, ಮನೆ ಬಿಡಬೇಕು. ದೇವರ ಆಸರೆಯಿಲ್ಲದೆ, ಸೀರೆ ಉಡದೆ, ಜೆರಾಕ್ಸ್ ಅಂಗಡಿ ನಡೆಸಿಕೊಂಡು, ಅಮ್ಮನ ಜೊತೆ ಅದೇ ಮನೆಯಲ್ಲಿ ಇರುತ್ತೇನೆ ಎನ್ನುವವರಿಗೆ ಜಾಗ ಎಲ್ಲಿ ಎಂದು ಯಾರೂ ಗುರುತು ಮಾಡಿಲ್ಲ.

ಕಾನೂನು ಏನು ಹೇಳಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರು, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಗೇ ಸೇರಿದ್ದು ಎಂದರು. 2019ರಲ್ಲಿ ಸಂಸತ್ತು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ, ಅಂದರೆ ಹುಟ್ಟಿದಾಗ ಬರೆದುಕೊಂಡ ಲಿಂಗ ತಮ್ಮದಲ್ಲ ಎನ್ನುವವರ, ಹಕ್ಕುಗಳ ರಕ್ಷಣೆಗೆ ಕಾಯ್ದೆ ಮಾಡಿದಾಗ ಅದರ ವ್ಯಾಖ್ಯಾನದ ಸಾಲಿನಲ್ಲಿ ಕಿನ್ನರ್, ಹಿಜ್ರಾ, ಅರವಾಣಿ, ಜೋಗ್ತಾ ಎಂಬ ಹೆಸರುಗಳ ಜೊತೆ ‘ಜೆಂಡರ್‌ಕ್ವಿಯರ್’ ಎಂಬ, ನನ್ನಂಥವರಿಗೂ ಹೊಂದುವ ಮಾತೂ ಇತ್ತು. ಆ ಒಂದು ಪದವನ್ನು ನಾನು ಗೆಜೆಟ್ ಪ್ರತಿಯಲ್ಲಿ ಹುಡುಕಿ, ಪ್ರಿಂಟ್ ತೆಗೆದು, ಪೆನ್ಸಿಲಿನಲ್ಲಿ ಗುರುತು ಹಾಕಿ ಇಟ್ಟುಕೊಂಡಿದ್ದೇನೆ. ಆದರೆ ನಮೂನೆಗೆ ಬರುವಾಗ ಎಲ್ಲವೂ ಒಂದೇ ಡಬ್ಬಿಗೆ ಬೀಳುತ್ತದೆ. ಆಧಾರಿನಲ್ಲಿ ಮೂರನೆಯ ಆಯ್ಕೆ ‘ಟ್ರಾನ್ಸ್‌ಜೆಂಡರ್’, ಜನಗಣತಿಯಲ್ಲಿ ‘ಇತರೆ’, ಕಾಲೇಜಿನ ಅರ್ಜಿಯಲ್ಲಿ ‘ತೃತೀಯ ಲಿಂಗಿ’, ಇನ್ನೊಂದರಲ್ಲಿ ಮೂರನೆಯದೇ ಇಲ್ಲ.

ಆ ಮೂರನೆಯ ಡಬ್ಬಿಗೆ ಟಿಕ್ ಹಾಕಲು ನನಗೆ ನಾಚಿಕೆಯಿಲ್ಲ, ಹಿಂಜರಿಕೆ ಇದೆ. ಆ ಡಬ್ಬಿಯನ್ನು ಗೆದ್ದುಕೊಟ್ಟವರು ಟ್ರಾನ್ಸ್ ಹೆಣ್ಣುಮಕ್ಕಳು, ಹಿಜ್ರಾ ಸಮುದಾಯದವರು, ಜೋಗತಿಯರು. ಪೊಲೀಸ್ ಠಾಣೆಗಳಲ್ಲಿ ಏಟು ತಿಂದವರು ಅವರು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಅವರನ್ನು ಹೀನಾಯ ಪದದಲ್ಲಿ ಕರೆದು, ಹೆಸರು ವಿಳಾಸದ ರಿಜಿಸ್ಟರ್ ಇಡಬೇಕು ಎಂದಾಗ ಕೋರ್ಟಿಗೆ ಹೋಗಿ ಹೋರಾಡಿದವರು ಅವರು. ಆಮೇಲೆ ಆ ಪದವನ್ನು ಕಾಯ್ದೆಯಿಂದ ತೆಗೆಯಲಾಯಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ ಎಂದು ನಾವು ಹೆಮ್ಮೆಪಡುತ್ತೇವಲ್ಲ, ಅದರ ಹಿಂದೆಯೂ ಹೈಕೋರ್ಟಿನ ಮೆಟ್ಟಿಲು ಹತ್ತಿದವರು ಅವರೇ. ಬೀದಿಯಲ್ಲಿ ಬೇಡಿ ಬದುಕಿದವರ ಪಾಲಿಗೆ ಬಂದ ಒಂದು ತುತ್ತಿಗೆ, ಸ್ವಂತ ಅಂಗಡಿ, ಸ್ವಂತ ಮನೆ ಇರುವ ನಾನು ಕೈ ಹಾಕಬೇಕೇ? ನನ್ನ ಉತ್ತರ ಬೇಡ ಎಂದು. ನನ್ನಂಥ ಬೇರೆಯವರಿಗೆ ಬೇರೆ ಉತ್ತರ ಇರಬಹುದು, ಮನೆಯಿಂದ ಹೊರಗೆ ಹಾಕಿಸಿಕೊಂಡ ನಾನ್-ಬೈನರಿ ಮಕ್ಕಳೂ ಇದ್ದಾರೆ, ಅವರಿಗೆ ಅದು ಬೇಕೇ ಬೇಕು. ನಾನು ಹೇಳುವುದು, ಒಂದೇ ಡಬ್ಬಿ ಮಾಡಿ ನೀವು ನಮ್ಮನ್ನು ಒಬ್ಬರ ಮೇಲೊಬ್ಬರನ್ನು ಹೇರಿದ್ದೀರಿ.

ಹಾಗಾದರೆ ಲಿಂಗ ಕೇಳುವುದೇ ಬೇಡವೇ ಎಂದರೆ, ಆ ಮಾತನ್ನೂ ನಾನು ಒಪ್ಪುವುದಿಲ್ಲ. ಆ ಕಾಲಂ ಎಷ್ಟು ಮನೆಯ ಒಲೆ ಉರಿಸುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಣ್ಣುಮಗಳೇ ಕುಟುಂಬದ ಮುಖ್ಯಸ್ಥೆ. ಆ ಸಾಲಿನ ಆಧಾರದ ಮೇಲೆಯೇ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುವುದು. ಅದರ ಅರ್ಜಿಗಳನ್ನು ನಾನು ನೂರಾರು ತುಂಬಿದ್ದೇನೆ, ದುಡ್ಡು ಬಂತೆಂದು ಮೊಬೈಲಿನ ಮೆಸೇಜು ಓದಿಸಿಕೊಳ್ಳಲು ಬಂದವರ ಮುಖ ನೋಡಿದ್ದೇನೆ. ಹೆಣ್ಣಿನ ಹೆಸರಿಗೆ ಹಣ ಹೋಗಬೇಕಾದ ಕಡೆ, ಹೆರಿಗೆಯ ಕಡೆ, ಯಾರು ಓದು ಬಿಟ್ಟರು ಎಂದು ಲೆಕ್ಕ ಹಾಕುವ ಕಡೆ ಕೇಳಿ, ಜೋರಾಗಿ ಕೇಳಿ. ಆದರೆ ನಲ್ಲಿ ಸಂಪರ್ಕಕ್ಕೆ ಯಾಕೆ? ಗ್ರಂಥಾಲಯದ ಸದಸ್ಯತ್ವಕ್ಕೆ ಯಾಕೆ? ಸಿಮ್ ಕಾರ್ಡಿಗೆ, ಕವಿಗೋಷ್ಠಿಯ ನೋಂದಣಿಗೆ, ಮಣ್ಣು ಪರೀಕ್ಷೆಯ ಚೀಟಿಗೆ ಯಾಕೆ? ಹಳೆಯ ನಮೂನೆಯಲ್ಲಿತ್ತು, ಹೊಸದಕ್ಕೂ ನಕಲಾಯಿತು. ನಾನೂ ಟೈಪ್ ಮಾಡುವವರಲ್ಲಿ ಒಬ್ಬರು, ಹಾಗಾಗುವುದು ಹೇಗೆ ಎಂದು ಗೊತ್ತು: ಹಳೇ ಫೈಲು ತೆಗೆದು ದಿನಾಂಕ ಬದಲಿಸಿ ಸೇವ್ ಮಾಡುತ್ತೇವೆ.

ಮುಂದಿನ ಸಲ ಹಾಗೆ ಸೇವ್ ಮಾಡುವ ಮೊದಲು ಆ ಸಾಲಿನ ಮೇಲೆ ಬೆರಳಿಟ್ಟು, ಇದು ಯಾವ ಕೆಲಸಕ್ಕೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಅಳಿಸಿ. ಉತ್ತರ ಸಿಕ್ಕರೆ ಇರಲಿ, ಆದರೆ ಗಂಡು, ಹೆಣ್ಣು, ಟ್ರಾನ್ಸ್ ಎಂಬುದರ ಪಕ್ಕದಲ್ಲಿ ಒಂದು ಖಾಲಿ ಗೆರೆಯನ್ನೂ ಬಿಡಿ, ಅವರವರ ಮಾತಿನಲ್ಲಿ ಅವರು ಬರೆಯಲಿ. ‘ಇತರೆ’ ಎಂದು ಮಾತ್ರ ಬರೆಯಬೇಡಿ. ಖರ್ಚಿನ ಪಟ್ಟಿಯಲ್ಲಿ ಹಾಲು, ಸಕ್ಕರೆ, ತರಕಾರಿ ಆದಮೇಲೆ ಉಳಿದದ್ದಕ್ಕೆ ಬರೆಯುವ ಮಾತು ಅದು. ಶ್ರೀ, ಶ್ರೀಮತಿ, ಕುಮಾರಿ ಬೇಕಾಗಿಲ್ಲ, ಹೆಸರು ಬರೆದು ಕೊನೆಗೆ ‘ಅವರಿಗೆ’ ಎಂದರೆ ಯಾರ ಮರ್ಯಾದೆಯೂ ಕಡಿಮೆಯಾಗುವುದಿಲ್ಲ. ಮದುವೆ ಆಗಿದೆಯೋ ಇಲ್ಲವೋ ಎಂಬುದನ್ನು ಹೆಣ್ಣುಮಕ್ಕಳಿಂದ ಮಾತ್ರ ಹೆಸರಿನ ಮುಂದೆ ಬರೆಸುವ ಪದ್ಧತಿಯೂ ಅದರ ಜೊತೆಗೇ ಹೋಗುತ್ತದೆ. ‘ಇವನು/ಇವಳು ನಮ್ಮ ಶಾಲೆಯ ವಿದ್ಯಾರ್ಥಿ/ವಿದ್ಯಾರ್ಥಿನಿ’ ಎಂಬ ಪ್ರಮಾಣಪತ್ರದಲ್ಲಿ ‘ಇವರು’ ಎಂದು ಬರೆದರೆ ಹತ್ತು ವರ್ಷದ ಮಗುವಿಗೂ ಒಂದಿಷ್ಟು ಗೌರವ ಸಿಗುತ್ತದೆ.

ಪದಗಳ ವಿಷಯದಲ್ಲಿ ಪಕ್ಕದ ಮನೆ ನೋಡಿ ಕಲಿಯಬಹುದು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದಿದ್ದ ಒಂದು ಪ್ರಕರಣದಿಂದಾಗಿ, 2022ರಲ್ಲಿ ತಮಿಳುನಾಡು ಸರ್ಕಾರ ಇಂಥ ಸಮುದಾಯಗಳನ್ನು ತಮಿಳಿನಲ್ಲಿ ಮರ್ಯಾದೆಯಿಂದ ಏನೆಂದು ಕರೆಯಬೇಕು ಎಂಬ ಪದಪಟ್ಟಿಯನ್ನು ರಾಜ್ಯಪತ್ರದಲ್ಲೇ ಪ್ರಕಟಿಸಿತು. ಕನ್ನಡಕ್ಕೂ ಅಂಥದ್ದು ಬೇಕು. ನಾನ್-ಬೈನರಿ ಎಂಬುದಕ್ಕೆ ನಾಲಿಗೆಗೆ ಒಗ್ಗುವ ಕನ್ನಡ ಮಾತು ಇನ್ನೂ ಹುಟ್ಟಿಲ್ಲ. ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ನಡಿಗೆ, ನಮ್ಮಂಥ ಸಮುದಾಯಗಳ ಹೆಮ್ಮೆಯ ಮೆರವಣಿಗೆ, ನಡೆಯುತ್ತಿದೆ. ಎರಡು ಸಲ ಹೋಗಿದ್ದೆ. ಅಲ್ಲಿ ಹೆಗಲ ಮೇಲೆ ಕೈಹಾಕಿ ನಡೆದವರ ಜೊತೆ ನನ್ನ ಬಗ್ಗೆ ಹೇಳಿಕೊಳ್ಳಲು ಇಂಗ್ಲಿಷ್ ಪದ ಸಾಕಾಯಿತು. ಊರಿಗೆ ಬಂದು ಅಮ್ಮನಿಗೆ ಹೇಳಲು ಸಾಕಾಗಲಿಲ್ಲ. ಆದರೆ ಪಟ್ಟಿ ಮಾಡುವಾಗ ಸಂಸ್ಕೃತದ ಉದ್ದನೆಯ ಸಮಾಸ ಕಟ್ಟಿ ಕೊಡಬೇಡಿ, ನಮ್ಮನ್ನೂ ಕೂರಿಸಿಕೊಂಡು ಮಾಡಿ. ಆ ಕೂಸೇ ಎನ್ನುವ ಅಜ್ಜಿಯನ್ನೂ ಕೂರಿಸಿಕೊಳ್ಳಿ.

ಅಮ್ಮನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. 2011ರ ಜನಗಣತಿಗೆ ಬಂದ ಮೇಷ್ಟ್ರು ನಮ್ಮ ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆದುಕೊಂಡರು. ಗಂಡಿಗೆ 1, ಹೆಣ್ಣಿಗೆ 2, ಇತರೆಗೆ 3. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮನೆಯವರ ವಿವರ ಹೇಳಿದ್ದು ಅಮ್ಮ. ನನ್ನ ಸಾಲು ಬಂದಾಗ ಮೇಷ್ಟ್ರು ಕೇಳುವ ಮೊದಲೇ ಅಮ್ಮ ಗಟ್ಟಿಯಾಗಿ ಒಂದು ಮಾತು ಹೇಳಿಬಿಟ್ಟರು, ಹೇಳಿ ನನ್ನ ಕಡೆ ನೋಡಲಿಲ್ಲ. ಆ ಗಣತಿಯಲ್ಲಿ ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಮೂರನೆಯ ಸಾಲಿನಲ್ಲಿ ಎಣಿಕೆಯಾದರು. ಅದರಲ್ಲಿ ನಾನಿಲ್ಲ. ಬಾಗಿಲಲ್ಲಿ ಲೋಟ ಹಿಡಿದು ನಿಂತ ಇನ್ನೆಷ್ಟು ಜನ ಇಲ್ಲವೋ.

ಈಗ 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿ ಇಟ್ಟುಕೊಂಡು ಮತ್ತೆ ಜನಗಣತಿ ಮಾಡುವುದಾಗಿ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಪೇಪರಿನಲ್ಲಿ ಬಂದದ್ದನ್ನು ನಾನೇ ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೆ ಈಗ ಎಪ್ಪತ್ತೊಂದು. ಅವರೆಕಾಳು ಹಿದುಕುತ್ತ ಕೂತಿದ್ದವರು ತಲೆಯೆತ್ತದೆ, “ಈ ಸಲ ಅವರು ಬಂದ್ರೆ ನಿನಗೆ ಏನಂತ ಬರೆಸ್ಲಿ?” ಎಂದು ಕೇಳಿದರು.

ನಮೂನೆ ಹೇಗೆ ಬರುತ್ತದೋ ನೋಡಿ ಹೇಳುತ್ತೇನೆ ಎಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಿಂದ